ನೀರು ಕಾಯುವಾಗಲೇ ಶುರುಮಾಡಿ: ಮನೆಯಲ್ಲಿ ಗಮನವಿಟ್ಟು ಟೀ ಕುಡಿಯುವ ಅಭ್ಯಾಸಕ್ಕೆ ಹಂತ ಹಂತದ ಮಾರ್ಗದರ್ಶಿ

ಗಮನವಿಟ್ಟು ಟೀ ಕುಡಿಯಬೇಕೆಂದು ಹೊರಟು ಕೈಬಿಟ್ಟವರ ಕಥೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಸೋಮವಾರ ಹೊಸ ಕಪ್ಪು ಬರುತ್ತದೆ, ಜೊತೆಗೆ ಒಂದು ಗ್ರೀನ್ ಟೀ ಡಬ್ಬಿ. ಎರಡು ದಿನ ಬಾಲ್ಕನಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ಗುರುವಾರ ಟೀ ಕಹಿ ಅನ್ನಿಸುತ್ತದೆ, ಶುಕ್ರವಾರ ಯಾರದೋ ಫೋನು. ಮುಂದಿನ ಸೋಮವಾರದ ಹೊತ್ತಿಗೆ ಕಪ್ಪು ಶೋಕೇಸು ಸೇರಿರುತ್ತದೆ. ಕೇಳಿದರೆ, "ನನ್ನ ಮನಸ್ಸು ಒಂದು ಕಡೆ ನಿಲ್ಲೋದೇ ಇಲ್ಲ ಕಣ್ರೀ" ಅನ್ನುತ್ತಾರೆ.

ಎಡವಟ್ಟಾಗಿರುವುದು ಕ್ರಮದಲ್ಲಿ. ಕಪ್ಪು ಕೈಗೆ ಬಂದ ಮೇಲೆ ಗಮನ ಕೊಡೋಣ ಅಂದುಕೊಳ್ಳುತ್ತೇವೆ. ಅದಕ್ಕೂ ಮುಂಚಿನ ಹತ್ತು ನಿಮಿಷ ನೀರು ಕಾಯುವಾಗ ಫೋನು, ಪುಡಿ ಕುದಿಯುವಾಗ ಸಿಂಕಿನ ಪಾತ್ರೆ, ಸೋಸುವಾಗ ನಾಳಿನ ತಿಂಡಿಯ ಯೋಚನೆ. ಹೀಗೆ ಓಡುತ್ತಾ ಬಂದ ಮನಸ್ಸನ್ನು ಕುರ್ಚಿಯ ಮೇಲೆ ಕೂತ ತಕ್ಷಣ ನಿಲ್ಲು ಅಂದರೆ ನಿಲ್ಲುವುದಿಲ್ಲ.

ಟೀ ಮಾಡುವಾಗ ಮೂರು ಕಡೆ ಕಾಯಲೇಬೇಕು: ನೀರು ಕುದಿಯುವವರೆಗೆ, ಪುಡಿ ಬಣ್ಣ ಬಿಡುವವರೆಗೆ, ಲೋಟದಲ್ಲಿ ಟೀ ಆರುವವರೆಗೆ. ಅಭ್ಯಾಸ ಅಂದರೆ ಈ ಮೂರು ಕಾಯುವ ಹೊತ್ತು. ಕುಡಿಯುವುದು ಅದರ ಕೊನೆಯ ಸಣ್ಣ ಪಾಲು. ಕೆಳಗಿನ ಹಂತಗಳು ನಾವು ದಿನಾ ಕುಡಿಯುವ ಹಾಲಿನ ಟೀಯನ್ನು ಇಟ್ಟುಕೊಂಡೇ ಬರೆದವು. ಹಾಲು ಬೇಡ ಅನ್ನುವವರಿಗೆ ಕೊನೆಯ ಕಡೆ ಒಂದು ಭಾಗ ಇದೆ.

## ಬೇಕಾದ ಸಾಮಾನು

ಒಬ್ಬರ ಟೀಗೆ ಸಾಕಾಗುವ ಸಣ್ಣ ಪಾತ್ರೆ, ಇಕ್ಕಳ, ಜಾಲರಿ, ಒಂದು ಚಮಚ, ಒಂದು ಲೋಟ ಅಥವಾ ಕಪ್ಪು, ಒಂದು ಬಸಿ. ಅಷ್ಟೇ. ಬಸಿ ಯಾಕೆ ಅನ್ನುವುದು ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಪಾತ್ರೆಯ ವಿಚಾರದಲ್ಲಿ ಮಾತ್ರ ಒಂದು ಮಾತು. ಮನೆಮಂದಿಗೆಲ್ಲ ಟೀ ಮಾಡುವ ದೊಡ್ಡ ಪಾತ್ರೆಯಲ್ಲಿ ಒಂದೇ ಲೋಟ ಮಾಡಲು ಹೋಗಬೇಡಿ. ನೀರು ತಳಕ್ಕಂಟಿದಂತೆ ಇದ್ದು ನೋಡನೋಡುತ್ತಿದ್ದಂತೆ ಕುದಿದು ಹೋಗುತ್ತದೆ. ಕಾಯುವ ಹೊತ್ತೇ ಸಿಗದಿದ್ದರೆ ಅಭ್ಯಾಸ ಮಾಡುವುದೆಲ್ಲಿ?

ಅಳತೆ ಹೀಗಿರಲಿ: ನೀರು 120 ಮಿಲಿ, ಹಾಲು 80 ಮಿಲಿ, ಟೀ ಪುಡಿ ಒಂದು ಸಣ್ಣ ಚಮಚ, ಸಕ್ಕರೆ ನೀವು ಈಗ ಹಾಕಿಕೊಳ್ಳುವಷ್ಟೇ. ಮೊದಲ ಎರಡು ವಾರ ಸಕ್ಕರೆ ಕಡಿಮೆ ಮಾಡುವ ಸಾಹಸ ಬೇಡ. ಒಂದೇ ಸಲ ಎರಡು ಅಭ್ಯಾಸ ಬದಲಿಸಲು ಹೋದವರು ಎರಡನ್ನೂ ಬಿಟ್ಟಿದ್ದನ್ನು ನೋಡಿದ್ದೇನೆ.

## ಹಂತ 1: ಹೊತ್ತು ಗೊತ್ತುಮಾಡಿಕೊಳ್ಳಿ

ಹೊಸದಾಗಿ ಒಂದು ಟೀ ಸೇರಿಸಬೇಡಿ. ದಿನಕ್ಕೆ ಎರಡೋ ಮೂರೋ ಈಗಾಗಲೇ ಕುಡಿಯುತ್ತೀರಲ್ಲ, ಅದರಲ್ಲಿ ಒಂದನ್ನು ಆರಿಸಿ. ಉಳಿದವನ್ನು ಎಂದಿನಂತೆ ಗಡಿಬಿಡಿಯಲ್ಲಿ ಕುಡಿದರೂ ಅಡ್ಡಿಯಿಲ್ಲ.

ಬೆಳಗಿನ ಮೊದಲ ಟೀಯನ್ನು ಆರಿಸುವುದು ಬಹಳ ಜನ ಮಾಡುವ ತಪ್ಪು. ಆ ಹೊತ್ತು ನಿಮ್ಮದಲ್ಲ. ಮಕ್ಕಳ ಡಬ್ಬಿ, ಹಾಲಿನವರು, ನೀರಿನ ಮೋಟರು, ಎಲ್ಲರಿಗೂ ಅದರಲ್ಲಿ ಪಾಲಿದೆ. ಹೊಟ್ಟೆ ಖಾಲಿ ಇದ್ದಾಗ ಟೀ ಕುಡಿದರೆ ಎದೆ ಉರಿ, ಹುಳಿತೇಗು ಬರುವವರಿಗಂತೂ ಅದು ಬೇಡವೇ ಬೇಡ.

ತಿಂಡಿ ಊಟದ ಜೊತೆ ಕುಡಿಯುವ ಟೀ ಕೂಡ ಆಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ (ಐಸಿಎಂಆರ್) ಸೇರಿದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ, ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಟೀ, ಕಾಫಿ ಬೇಡ ಎನ್ನುತ್ತದೆ. ಟೀಯಲ್ಲಿರುವ, ಒಗರು ಕೊಡುವ ಟ್ಯಾನಿನ್ ಆಹಾರದ ಕಬ್ಬಿಣಾಂಶಕ್ಕೆ ಅಂಟಿಕೊಂಡು ಅದು ಮೈಗೆ ಹತ್ತದಂತೆ ಮಾಡುತ್ತದೆ. ರಕ್ತಹೀನತೆ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಹಾಗಾಗಿ ಉಳಿಯುವುದು ಬೆಳಗಿನ ಹನ್ನೊಂದರ ಸುಮಾರು, ಇಲ್ಲವೇ ಮಧ್ಯಾಹ್ನ ನಾಲ್ಕು. ನನ್ನದು ನಾಲ್ಕು ಗಂಟೆ. ಅದಕ್ಕಿಂತ ತಡ ಮಾಡಿದರೆ ನಿದ್ದೆಗೆ ತೊಂದರೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ. ಏಳು ಗಂಟೆಗೆ ಕುಡಿದು ಹನ್ನೆರಡಕ್ಕೆ ಹೊರಳಾಡುತ್ತಾ ಮಲಗಿದರೆ ಟೀಯನ್ನು ಬೈಯುವಂತಿಲ್ಲ.

## ಹಂತ 2: ಫೋನು ಆಚೆ, ಸಾಮಾನು ಈಚೆ

ಒಲೆ ಹಚ್ಚುವ ಮೊದಲೇ ಪುಡಿ, ಸಕ್ಕರೆ, ಅಳೆದ ಹಾಲು, ಜಾಲರಿ ಇಟ್ಟ ಲೋಟ, ಬಸಿ ಎಲ್ಲವನ್ನೂ ಕಟ್ಟೆಯ ಮೇಲೆ ಸಾಲಾಗಿ ಇಡಿ. ನಡುವೆ ಫ್ರಿಜ್ಜಿನ ಬಾಗಿಲು ತೆಗೆದರೆ ಮುಗಿಯಿತು. ನಿನ್ನೆಯ ಸಾರು ಕಾಣುತ್ತದೆ, ಬಾಡಿದ ಕೊತ್ತಂಬರಿ ಕಾಣುತ್ತದೆ, ಗಮನ ಅತ್ತ ಹೋಗುತ್ತದೆ.

ಫೋನು ಅಡುಗೆಮನೆಯಲ್ಲಿ ಇರಬಾರದು. "ಟೈಮರ್‌ಗೆ ಬೇಕು" ಎಂಬ ನೆಪ ಹೇಳಿಕೊಂಡು ಅದು ಒಳಗೆ ಬಂದೇ ಬರುತ್ತದೆ. ಗೋಡೆ ಗಡಿಯಾರ ಸಾಕು. ಅದೂ ಇಲ್ಲದಿದ್ದರೆ ಉಸಿರು ಎಣಿಸಿ. ಸುಮ್ಮನೆ ನಿಂತ ಮನುಷ್ಯ ನಿಮಿಷಕ್ಕೆ ಹನ್ನೆರಡರಿಂದ ಹದಿನೆಂಟು ಸಲ ಉಸಿರಾಡುತ್ತಾನೆ. ಮೂವತ್ತು ಉಸಿರು ಅಂದರೆ ಹೆಚ್ಚುಕಡಿಮೆ ಎರಡು ನಿಮಿಷ, ಟೀ ಪುಡಿಗೆ ಬೇಕಾದಷ್ಟು.

ಮನೆಯಲ್ಲಿ ಬೇರೆಯವರಿದ್ದರೆ ಮೊದಲೇ ಒಂದು ಮಾತು ಹೇಳಿಡಿ. ನಾನು ಹೇಳಿರಲಿಲ್ಲ. ಮೂರನೇ ದಿನ ನಮ್ಮತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, "ಏನಮ್ಮಾ, ಪಾತ್ರೆ ಜೊತೆ ಮಾತಾಡ್ತಿದ್ದೀಯಾ?" ಅಂದರು. ವಿಷಯ ಗೊತ್ತಾದ ಮೇಲೆ ನಾಲ್ಕು ಗಂಟೆಗೆ ಅಡುಗೆಮನೆ ಕಡೆ ಯಾರೂ ಬರದಂತೆ ಕಾಯುವವರು ಅವರೇ.

## ಹಂತ 3: ಮೊದಲ ಕಾಯುವಿಕೆ, ನೀರು

ಸರಿಯಾಗಿ ಕಲಿಯಬೇಕಾದ ಹಂತ ಇದು. ಹೆಚ್ಚಿನವರು ಹಾರಿಸಿ ಮುಂದೆ ಹೋಗುವುದೂ ಇದನ್ನೇ.

ನೀರಿಟ್ಟು ಒಲೆ ಹಚ್ಚಿ. ಉರಿ ಮಧ್ಯಮಕ್ಕಿಂತ ಕಡಿಮೆ ಇರಲಿ. ಕೈ ಕಟ್ಟೆಯ ಮೇಲಿಟ್ಟು ಪಾತ್ರೆಯ ಒಳಗೆ ನೋಡುತ್ತಾ ನಿಲ್ಲಿ. ಮುಖ ಹಬೆಗೆ ಅಡ್ಡ ಬರದಷ್ಟು ದೂರ ಇರಲಿ.

ಮೊದಲು ಏನೂ ಆಗುವುದಿಲ್ಲ. ಬೇಜಾರು ಬರುವುದೂ ಈ ಹೊತ್ತಿನಲ್ಲೇ. ಆಮೇಲೆ ತಳದಲ್ಲಿ ಸಾಸಿವೆ ಕಾಳಿನಂತಹ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಅದು ಕುದಿ ಅಲ್ಲ, ನೀರಿನಲ್ಲಿ ಕರಗಿದ್ದ ಗಾಳಿ ಹೊರಬರುತ್ತಿರುವುದು. ಇನ್ನೂ ಸ್ವಲ್ಪ ಹೊತ್ತಿಗೆ ಅವು ಸಬ್ಬಕ್ಕಿಯಷ್ಟಾಗಿ ತಳ ಬಿಟ್ಟು ಏಳತೊಡಗುತ್ತವೆ, ಆದರೆ ಮೇಲೆ ಮುಟ್ಟುವ ಮೊದಲೇ ಮಾಯವಾಗುತ್ತವೆ. ಆಗ ಪಾತ್ರೆ ಸುಂಯ್ ಎಂದು ಸದ್ದು ಮಾಡುತ್ತದೆ. ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆ ಮೇಲಿನ ತಣ್ಣನೆಯ ನೀರಿಗೆ ಸಿಕ್ಕಿ ಒಡೆದು ಕುಗ್ಗುವ ಸದ್ದು ಅದು. ಸದ್ದು ಏರುತ್ತಾ ಏರುತ್ತಾ ಹೋಗಿ, ಇನ್ನೇನು ಕುದಿಯಬೇಕು ಅನ್ನುವಾಗ ತಟ್ಟನೆ ಇಳಿಯುತ್ತದೆ. ಅದರ ಬೆನ್ನಿಗೇ ನೀರು ಮಗುಚಿಕೊಂಡು ಕೊತಕೊತ ಕುದಿಯತೊಡಗುತ್ತದೆ.

ಮೊದಲ ವಾರ ನಿಮ್ಮ ಕೆಲಸ ಒಂದೇ: ಆ ಸದ್ದು ಇಳಿಯುವ ಗಳಿಗೆಯನ್ನು ಹಿಡಿಯುವುದು. ಹಿಡಿದಿರಿ ಅಂದರೆ ಗಮನ ಅಲ್ಲೇ ಇತ್ತು ಅಂತ. ತಪ್ಪಿತು ಅಂದರೆ ಮನಸ್ಸು ಎಲ್ಲೋ ಹೋಗಿತ್ತು ಅಂತ. ಬೇರೆ ಪರೀಕ್ಷೆ ಬೇಡ. ನನಗೆ ಮೊದಲ ಸಲ ಸಿಕ್ಕಿದ್ದು ಐದನೇ ದಿನ. ಚಿಮಣಿ, ಎಕ್ಸಾಸ್ಟ್ ಫ್ಯಾನು ಹಾಕಿದ್ದರೆ ಕೇಳಿಸುವುದಿಲ್ಲ, ಆ ಎರಡು ಮೂರು ನಿಮಿಷ ಆರಿಸಿರಿ.

ಮನಸ್ಸು ಓಡಿದ್ದು ಗೊತ್ತಾದಾಗ ಅದನ್ನು ಬೈಯುತ್ತಾ ಕೂರಬೇಡಿ. "ಕರೆಂಟ್ ಬಿಲ್ಲು" ಅಂತ ಒಂದು ಹೆಸರಿಟ್ಟು ಮತ್ತೆ ಗುಳ್ಳೆ ನೋಡಿ. ಇಪ್ಪತ್ತು ಸಲ ಓಡಿದರೆ ಇಪ್ಪತ್ತು ಸಲ ಕರೆತನ್ನಿ.

## ಹಂತ 4: ಎರಡನೆಯ ಕಾಯುವಿಕೆ, ಪುಡಿ

ನೀರು ಕುದಿದ ಮೇಲೆ ಉರಿ ಸಣ್ಣ ಮಾಡಿ ಪುಡಿ ಹಾಕಿ. ನಮ್ಮ ಅಂಗಡಿಗಳಲ್ಲಿ ಸಿಗುವ ಹರಳು ಹರಳಾದ ಸಿಟಿಸಿ ಪುಡಿ ಬೇಗ ಬಣ್ಣ ಬಿಡುತ್ತದೆ, ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿರುತ್ತಾರೆ. ಎರಡು ನಿಮಿಷ ಸಾಕು. ಹತ್ತು ನಿಮಿಷ ಕುದಿಸಿದರೆ ಕಡಕ್ ಆಗುತ್ತದೆ ಅನ್ನುವವರಿದ್ದಾರೆ. ಅದರಿಂದ ಹೆಚ್ಚುವುದು ಒಗರು, ಸ್ವಾದವಲ್ಲ.

ಈ ಹೊತ್ತಿನ ಗಮನ ಮೂಗಿಗೆ. ಪುಡಿ ಬಿದ್ದ ಮೊದಲ ಕ್ಷಣದ ವಾಸನೆಯೇ ಬೇರೆ, ಮೂವತ್ತು ಉಸಿರಿನ ನಂತರದ್ದೇ ಬೇರೆ. ಶುಂಠಿ, ಏಲಕ್ಕಿ ಹಾಕುವವರು ಈ ಹಂತದ ಮೊದಲ ವಾರ ಬಿಡಿ. ಅವುಗಳ ಘಮ ಜೋರು, ಪುಡಿಯ ವಾಸನೆ ಅದರಲ್ಲಿ ಮುಳುಗಿಹೋಗುತ್ತದೆ.

ಸಡಿಲವಾಗಿ ತೂಗಿ ಕೊಡುವ ಪುಡಿ ತರುವವರು ಒಮ್ಮೆ ಹೀಗೆ ಮಾಡಿ: ಸೋಸುವ ಕಾಗದದ ಮೇಲೆ ಒಂದು ಚಿಟಿಕೆ ಪುಡಿ ಹರಡಿ ತಣ್ಣೀರು ಚಿಮುಕಿಸಿ, ಪುಡಿ ತೆಗೆದು ಬೆಳಕಿಗೆ ಹಿಡಿಯಿರಿ. ಕಾಗದಕ್ಕೆ ಗಾಢ ಕಲೆ ಹತ್ತಿದ್ದರೆ ಬಣ್ಣ ಬೆರೆಸಿರುವ ಅನುಮಾನ ಇದೆ, ಆ ಪುಡಿ ಬೇಡ.

ಎರಡು ನಿಮಿಷ ಆದ ಮೇಲೆ ಸಕ್ಕರೆ, ಹಾಲು. ಹಾಲು ಹಾಕಿದ ಮೇಲೆ ಪಾತ್ರೆ ಬಿಟ್ಟು ಅಲುಗಾಡಬೇಡಿ. ಎರಡನೇ ದಿನವೇ ನಾನು ಕರೆಗಂಟೆ ಬಾರಿಸಿತೆಂದು ಹೋಗಿ ಬರುವಷ್ಟರಲ್ಲಿ ಒಲೆಯೆಲ್ಲ ಟೀ, ಬರ್ನರಿನ ತೂತೆಲ್ಲ ಕಟ್ಟಿಕೊಂಡು ಉರಿ ಹಳದಿಯಾಗಿತ್ತು. ಹಾಲು ಅಂಚಿನಿಂದ ಏಳುತ್ತದೆ, ನಡುವಿನಿಂದಲ್ಲ. ಅಂಚಿನ ನೊರೆ ದಪ್ಪವಾಗಿ ಒಳಕ್ಕೆ ಕೂಡುತ್ತಾ ಬರುವಾಗ ಇಕ್ಕಳ ಕೈಯಲ್ಲಿರಲಿ. ಒಂದೇ ಉಕ್ಕು ಬಂದ ಕೂಡಲೇ ಇಳಿಸಿ, ಸೋಸಿ.

## ಹಂತ 5: ಮೂರನೆಯ ಕಾಯುವಿಕೆ, ಆರುವುದು

ಟೀ ಸುಡುಸುಡುವೇ ಇರಬೇಕು ಅನ್ನುವ ಹಟ ನಮ್ಮಲ್ಲಿ ಬಹಳ. ಅದನ್ನು ಬಿಡಲೇಬೇಕು, ಎರಡು ಕಾರಣಕ್ಕೆ.

ಸುಟ್ಟ ನಾಲಿಗೆಗೆ ರುಚಿ ತಿಳಿಯುವುದಿಲ್ಲ. ಮೊದಲ ಗುಟುಕಿಗೆ ಚುರುಕ್ ಅಂದರೆ ಉಳಿದ ಲೋಟವೆಲ್ಲ ಬರೀ ಬಿಸಿ. ಎರಡನೆಯದು ಇನ್ನೂ ದೊಡ್ಡದು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ, 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳನ್ನು ಕುಡಿಯುವುದನ್ನು 2016ರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಸೇರಿಸಿದೆ. ಅಪಾಯ ಅನ್ನನಾಳಕ್ಕೆ. ಅದಕ್ಕೆ ಕಾರಣ ಬಿಸಿ, ಟೀ ಅಲ್ಲ.

ಸೋಸಿದ ಲೋಟವನ್ನು ಕೂರುವ ಜಾಗಕ್ಕೆ ಒಯ್ಯಿರಿ. ನೆಲವೋ ಕುರ್ಚಿಯೋ ನಿಮ್ಮಿಷ್ಟ, ಆದರೆ ದಿನಾ ಅದೇ ಜಾಗ. ಟಿವಿಗೆ ಬೆನ್ನು ಮಾಡಿ ಕೂರಿ. ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿದ್ದರೆ ಆರಿಸಿ, ಇಲ್ಲದಿದ್ದರೆ ಆರುವುದನ್ನು ನೋಡಲಿಕ್ಕೇ ಸಿಗುವುದಿಲ್ಲ.

ಹೊತ್ತು ಎಷ್ಟು ಬೇಕು ಅನ್ನುವುದು ಲೋಟದ ಮೇಲಿದೆ. ಸ್ಟೀಲಿನ ತೆಳು ಲೋಟ ಬೇಗ ಆರಿಸುತ್ತದೆ, ಆದರೆ ಮೊದಲು ಕೈ ಸುಡುತ್ತದೆ. ಪಿಂಗಾಣಿಯ ದಪ್ಪ ಮಗ್ಗು ಎಂಟು ನಿಮಿಷವಾದರೂ ತೆಗೆದುಕೊಳ್ಳಬಹುದು. ಗುರುತು ಗಡಿಯಾರದಲ್ಲಿಲ್ಲ, ಟೀಯ ಮೇಲೇ ಇದೆ. ಹಬೆ ದಟ್ಟವಾಗಿ ನೆಟ್ಟಗೆ ಏಳುವುದು ನಿಂತು, ಎಳೆ ಎಳೆಯಾಗಿ ಅತ್ತಿತ್ತ ವಾಲುತ್ತದೆ. ಅಂಚಿನಿಂದ ತೆಳ್ಳಗೆ ಕೆನೆ ಕಟ್ಟುತ್ತದೆ. ಲೋಟ ಕೊಂಚ ಅಲುಗಿಸಿದರೆ ಆ ಕೆನೆ ರೇಷ್ಮೆ ಬಟ್ಟೆಯಂತೆ ಸುಕ್ಕಾಗುತ್ತದೆ. ಆಗಲೂ ತುಟಿಗೆ ಬಿಸಿ ಅನ್ನಿಸಿದರೆ ಬಸಿಗೆ ಸ್ವಲ್ಪ ಬಗ್ಗಿಸಿ. ಅಗಲವಾಗಿ ಹರಡಿದ್ದು ಬೇಗ ಆರುತ್ತದೆ. ಬಸಿಯಲ್ಲಿ ಕುಡಿಯುವುದು ಹಳ್ಳಿಯವರ ರೀತಿ ಎಂದು ನಕ್ಕವರೇ ನಾಲಿಗೆ ಸುಟ್ಟುಕೊಂಡು ಕೂತಿರುವುದು.

ಊದಬೇಡಿ, ಚಮಚದಲ್ಲಿ ತಿರುವಬೇಡಿ. ಬೇಗ ಮುಗಿಸುವ ಆತುರಕ್ಕೆ ಕೈ ಸಹಾಯ ಮಾಡುವುದು ಹಾಗೆಯೇ.

## ಹಂತ 6: ಮೂರೇ ಗುಟುಕು

ಇಡೀ ಲೋಟವನ್ನು ಗಮನವಿಟ್ಟು ಕುಡಿಯಲು ಹೋಗಬೇಡಿ, ಆಗುವುದಿಲ್ಲ. ಮೂರು ಗುಟುಕು ಸಾಕು. ಉಳಿದದ್ದನ್ನು ಮಾಮೂಲಿಯಂತೆ ಕುಡಿಯಿರಿ, ಬೇಕಾದರೆ ಮನೆಯವರೊಂದಿಗೆ ಹರಟುತ್ತಾ.

ಮೊದಲ ಗುಟುಕಿನಲ್ಲಿ ಬಿಸಿಯನ್ನು ಮಾತ್ರ ನೋಡಿ. ತುಟಿ, ನಾಲಿಗೆ, ಗಂಟಲು, ಎದೆ, ಎಲ್ಲಿಯವರೆಗೆ ಇಳಿದದ್ದು ಗೊತ್ತಾಗುತ್ತದೆ?

ಎರಡನೆಯದರಲ್ಲಿ ರುಚಿ. ಮೊದಲು ಸಿಹಿ ಬರುತ್ತದೆ, ಆಮೇಲೆ ಹಾಲಿನ ಜಿಡ್ಡು, ಕೊನೆಗೆ ಕೆನ್ನೆಯ ಒಳಬದಿ ಹಿಡಿದುಕೊಂಡಂತೆ ಮಾಡುವ ಒಗರು. ಅಡಿಕೆ, ಎಳೆ ಬಾಳೆಕಾಯಿ ಬಲ್ಲವರಿಗೆ ಒಗರನ್ನು ಗುರುತಿಸಲು ಹೇಳಿಕೊಡಬೇಕಾಗಿಲ್ಲ. ಅದು ನಾಲಿಗೆಯ ರುಚಿಗಿಂತ ಬಾಯಿ ಒಣಗಿಸುವ ಅನುಭವ.

ಮೂರನೆಯದನ್ನು ನುಂಗಿ ಲೋಟ ಕೆಳಗಿಡಿ. ಬಾಯಲ್ಲಿ ಉಳಿದದ್ದು ಹೋಗುವವರೆಗೆ ಮುಂದಿನ ಗುಟುಕು ಬೇಡ. ಲೋಟ ಕೆಳಗಿಡುವುದು ಮುಖ್ಯ. ಕೈಯಲ್ಲೇ ಇದ್ದರೆ ಅದು ತಾನಾಗಿ ಬಾಯಿಗೆ ಹೋಗುತ್ತದೆ.

ಬಿಸ್ಕತ್ತು, ನಿಪ್ಪಟ್ಟು, ಖಾರ ಮಂಡಕ್ಕಿ ಎಲ್ಲ ಮೂರನೇ ಗುಟುಕಿನ ನಂತರ.

## ಹಂತ 7: ಜಾಲರಿ ತೊಳೆಯುವುದು

ಚರಟ ಬಡಿದು, ಜಾಲರಿ, ಪಾತ್ರೆ, ಲೋಟ ಆಗಲೇ ತೊಳೆದಿಡಿ. ಒಣಗಿದರೆ ಜಾಲರಿಯ ಕಣ್ಣು ಕಟ್ಟಿಕೊಂಡು ನಾಳೆ ಸೋಸುವಾಗ ತುಂಬಿ ಹರಿಯುತ್ತದೆ. ಚರಟವನ್ನು ಗಿಡಕ್ಕೆ ಹಾಕುವವರು ಮೊದಲು ನೀರಲ್ಲಿ ಜಾಲಿಸಿ ಹಾಲು, ಸಕ್ಕರೆ ತೆಗೆಯಿರಿ. ಇಲ್ಲದಿದ್ದರೆ ಕುಂಡದ ತುಂಬ ಇರುವೆ.

## ಯಾವ ವಾರ ಏನು

ಏಳೂ ಹಂತವನ್ನು ಮೊದಲ ದಿನವೇ ಮಾಡಲು ಕೂರಬೇಡಿ. ಮೊದಲ ವಾರ ನೀರು ಮಾತ್ರ. ಟೀ ಕುಡಿಯುವಾಗ ಪೇಪರ್ ಓದಿದರೂ ಪರವಾಗಿಲ್ಲ. ಎರಡನೇ ವಾರ ಪುಡಿಯ ಎರಡು ನಿಮಿಷ ಸೇರಿಸಿ. ಆರುವುದು ಮೂರನೇ ವಾರಕ್ಕೆ. ಬಹಳ ಜನರಿಗೆ ಇದೇ ಕಷ್ಟ, ಹಾಗಾಗಿ ಹತ್ತು ದಿನವಾದರೂ ಸರಿ. ಮೂರು ಗುಟುಕು ಆಮೇಲೆ. ಒಟ್ಟು ಹಿಡಿಯುವುದು ಇಪ್ಪತ್ತು ನಿಮಿಷದೊಳಗೆ. ಅದರಲ್ಲಿ ಹೆಚ್ಚಿನದು ನೀವು ಈಗಾಗಲೇ ಟೀಗೆಂದು ಕಳೆಯುತ್ತಿರುವ ಹೊತ್ತೇ.

## ಹಾಲು ಹಾಕದವರಿಗೆ

ನೀಲಗಿರಿಯದೋ ಡಾರ್ಜಿಲಿಂಗಿನದೋ ಎಲೆ ಟೀ ಆದರೆ 200 ಮಿಲಿ ನೀರಿಗೆ ಸುಮಾರು 2 ಗ್ರಾಂ. ಎಲೆ ಅರಳು ಅರಳಾಗಿರುವುದರಿಂದ ಚಮಚದ ಅಳತೆ ನಂಬುವಂತಿಲ್ಲ, ಸಣ್ಣ ತಕ್ಕಡಿ ಇದ್ದರೆ ಒಳ್ಳೆಯದು. ಎಲೆಯನ್ನು ನೀರಲ್ಲಿ ಕುದಿಸಬೇಡಿ. ಕುದಿದ ನೀರನ್ನು ಎಲೆಯ ಮೇಲೆ ಹೊಯ್ದು ಮುಚ್ಚಿ ಮೂರು ನಿಮಿಷ ಬಿಟ್ಟು ಸೋಸಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಮಂಗಳೂರಿನಲ್ಲಿ ನೂರಕ್ಕೆ. ಈ ಟೀಗೆ ಎರಡೂ ನಡೆಯುತ್ತದೆ.

ಗ್ರೀನ್ ಟೀಗೆ ಮಾತ್ರ ಅಷ್ಟು ಬಿಸಿ ಆಗದು, 75ರಿಂದ 80 ಡಿಗ್ರಿ ಸಾಕು. ಕುದಿಸಿದ ನೀರನ್ನು ಬೇರೊಂದು ತಣ್ಣನೆಯ ಪಾತ್ರೆಗೆ ಬಗ್ಗಿಸಿ, ಮುಚ್ಚದೆ ಐದು ನಿಮಿಷ ಬಿಟ್ಟು ಆಮೇಲೆ ಎಲೆಗೆ ಹೊಯ್ಯಿರಿ, ಎರಡು ನಿಮಿಷಕ್ಕೆ ಸೋಸಿ. "ಗ್ರೀನ್ ಟೀ ಅಂದ್ರೆ ಕಹಿ" ಅನ್ನುವವರಲ್ಲಿ ಹೆಚ್ಚಿನವರು ಕೊತಕೊತ ಕುದಿಯುವ ನೀರಿನಲ್ಲಿ ಎಲೆ ಬೇಯಿಸಿದವರು.

ಮೇಲೆ ಎಣ್ಣೆಯಂತಹ ಪೊರೆ ಕಟ್ಟಿ, ಲೋಟದ ಸುತ್ತ ಕಂದು ಗೆರೆ ಉಳಿಯುತ್ತಿದ್ದರೆ ಅದು ಬೋರ್‌ವೆಲ್ಲಿನ ಗಡಸು ನೀರು. ಫಿಲ್ಟರ್ ನೀರು ಬಳಸಿ ನೋಡಿ, ಬಣ್ಣವೇ ಬದಲಾಗುತ್ತದೆ.

## ಎಚ್ಚರಿಕೆಯ ಗುರುತುಗಳು

ಟೀಯ ಲೆಕ್ಕ ಏರಿದರೆ. ಅಭ್ಯಾಸದ ಟೀ ಅಂತ ಒಂದು, ಎಂದಿನದು ಅಂತ ಮೂರು ಆಗತೊಡಗಿದರೆ ಒಂದನ್ನು ಬಿಡಿ. ಅದೇ 2024ರ ಮಾರ್ಗಸೂಚಿಯಂತೆ ಒಂದು ಸಲದ ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ, ದಿನಕ್ಕೆ 300 ಮಿಲಿಗ್ರಾಂ ಮೀರಬಾರದು. ಕಾಫಿಯೂ ಕುಡಿಯುವ ಮನೆಗಳಲ್ಲಿ ಈ ಲೆಕ್ಕ ಬೇಗ ತುಂಬುತ್ತದೆ. ಗರ್ಭಿಣಿಯರಿಗೆ ಮಿತಿ ಇನ್ನೂ ಕಡಿಮೆ, ವೈದ್ಯರನ್ನು ಕೇಳಿ.

ಕುಡಿಯದ ದಿನ ತಲೆನೋವು ಬಂದರೆ ಮೈ ಕೆಫೀನಿಗೆ ಒಗ್ಗಿಹೋಗಿದೆ ಅಂತ. ಒಮ್ಮೆಲೇ ನಿಲ್ಲಿಸದೆ ಪುಡಿಯ ಅಳತೆಯನ್ನು ದಿನದಿಂದ ದಿನಕ್ಕೆ ಇಳಿಸಿ. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಕಂಡರೆ ಕಾಯುತ್ತಾ ಕೂರಬೇಡಿ, ಟೀ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಇನ್ನೊಂದು ಗುರುತಿನ ಬಗ್ಗೆ ಯಾರೂ ಹೇಳುವುದಿಲ್ಲ. ಕೆಲವರಿಗೆ ಸುಮ್ಮನೆ ಕೂತರೆ ಹಳೆಯ ಸಂಕಟವೆಲ್ಲ ಮೇಲೆದ್ದು ಬರುತ್ತದೆ. ಒಂದೆರಡು ದಿನ ಕಣ್ಣು ತುಂಬಿ ಬಂದರೆ ಚಿಂತೆಯಿಲ್ಲ. ನಾಲ್ಕು ಗಂಟೆ ಹತ್ತಿರ ಬಂದರೇ ದಿಗಿಲಾಗುವಂತಾದರೆ ಅಭ್ಯಾಸ ನಿಲ್ಲಿಸಿ, ಟೀಯನ್ನು ಯಾರಾದರೂ ಆತ್ಮೀಯರ ಜೊತೆ ಮಾತಾಡುತ್ತಾ ಕುಡಿಯಿರಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

## ದಿನ ತಪ್ಪಿದರೆ

ತಪ್ಪುತ್ತದೆ. ನೆಂಟರು ಬರುತ್ತಾರೆ, ಗ್ಯಾಸು ಮುಗಿಯುತ್ತದೆ, ನಾಲ್ಕು ಗಂಟೆಗೆ ಸರಿಯಾಗಿ ಮೀಟಿಂಗು ಬೀಳುತ್ತದೆ. ತಪ್ಪಿದ ದಿನದ ಸಾಲ ತೀರಿಸಲು ಮರುದಿನ ಎರಡು ಸಲ ಮಾಡಬೇಡಿ. ಆ ದಿನ ಬೇರೆ ಯಾವುದಕ್ಕೋ ನೀರಿಡುತ್ತೀರಲ್ಲ, ಅನ್ನದ ಎಸರಿಗೋ, ಮಗುವಿನ ಬಾಟಲಿಗೋ. ಅದರ ಮುಂದೆ ನಿಂತು ಸದ್ದು ಇಳಿಯುವವರೆಗೆ ಕೇಳಿ, ಸಾಕು. ನೆಂಟರೇ ಬಂದಿದ್ದರೆ ಆರು ಲೋಟಕ್ಕೆ ನೀರು ಕಾಯಲು ಹೆಚ್ಚು ಹೊತ್ತು ಬೇಕು. ಎಲ್ಲರೂ ಹಜಾರದಲ್ಲಿ ಮಾತಾಡುತ್ತಿರುವಾಗ ಅಡುಗೆಮನೆಯಲ್ಲಿ ನೀವೊಬ್ಬರೇ ಇರುತ್ತೀರಿ.